ನೀವೂ ಬನ್ನಿ ಎಂದ ತಪ್ಪಿಗೆ

ಮಕ್ಕಳನ್ನು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆಯಾ ಎಂದು ಯಾರಾದರೂ ಕೇಳಿದರೆ ಹೌದು ಅನ್ನುತ್ತೇನೆ. ಸುಳ್ಳಲ್ಲ. ಹೋದೆವು, ಗೇಟು ಮುಟ್ಟಿದೆವು, ಒಳಗೂ ಕಾಲಿಟ್ಟೆವು. ಆದರೂ ಆ ಮಾತು ಬಂದಾಗಲೆಲ್ಲ ನಾನು ಬೇರೆ ಕೆಲಸ ನೆನಪಾದವಳಂತೆ ಎದ್ದು ಅಡಿಗೆಮನೆಗೆ ಹೋಗುತ್ತೇನೆ. ಯಾಕೆ ಎಂದು ಇವತ್ತು ಬರೆದುಬಿಡುತ್ತೇನೆ.

ಮಗಳಿಗೆ ಆಗ ಎಂಟು ವರ್ಷ, ಮಗನಿಗೆ ಐದು. ಇಬ್ಬರಿಗೂ ಈ ಲೋಕದ ಕಥೆಗಳು ರುಚಿಸುತ್ತಿರಲಿಲ್ಲ. ಪ್ರಾಮಾಣಿಕ ಮರಕಡಿಯುವವನ ಕಥೆ ಹೇಳಲು ಕೂತರೆ ಮಗ ಆಕಳಿಸುತ್ತಿದ್ದ. ಕುದುರೆಯಿದ್ದರೆ ಅದು ಹಾರಬೇಕು, ಮೀನಿದ್ದರೆ ಮಾತಾಡಬೇಕು, ಡ್ರ್ಯಾಗನ್ ಅಂತೂ ಇರಲೇಬೇಕು. ಶಿರಸಿಯ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮಂಚದ ಕೆಳಗೆ ಮಗಳದೊಂದು ರಾಜ್ಯವಿತ್ತು. ಅದಕ್ಕೆ ನಕ್ಷೆ, ಕಾನೂನು, ಸೈನ್ಯ ಎಲ್ಲವೂ ಇದ್ದವು. ಸೈನ್ಯ ಎಂದರೆ ತಮ್ಮ ಒಬ್ಬನೇ. ನಾನು ಮಂಚದ ಕೆಳಗೆ ಕಸ ಗುಡಿಸಬೇಕಾದರೆ ರಾಣಿಯ ಅಪ್ಪಣೆ ಕೇಳಬೇಕಿತ್ತು.

ನಾನು ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿನ ಟೀಚರೊಬ್ಬರು ಹುಬ್ಬಳ್ಳಿ ದಾಟಿ ಮುಕ್ಕಾಲು ತಾಸಿನ ದಾರಿಯಲ್ಲಿರುವ ಪಾರ್ಕೊಂದಕ್ಕೆ ಹೋಗಿಬಂದು ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. ಅದರಲ್ಲಿ ಒಂದು ಮಾಯಾಕೋಟೆ. ಒಳಗೆ ಕತ್ತಲೆಯ ಗುಹೆಯಲ್ಲಿ ದೋಣಿ ಹೋಗುತ್ತದೆ, ಗುಹೆಯಿಂದ ಹೊರಬಿದ್ದ ಕೂಡಲೇ ಮನೆಯಷ್ಟೆತ್ತರದ ಡ್ರ್ಯಾಗನ್ ಹೊಗೆ ಬಿಟ್ಟು ತಲೆಯೆತ್ತಿ, ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಯಾರೋ ಒಳಗೆ ಮೈಕು ಹಿಡಿದು ಕೂತಿರುತ್ತಾರೆ ಎಂದು ನನಗೆ ಗೊತ್ತು, ನಿಮಗೂ ಗೊತ್ತು. ನನ್ನ ಮಗಳಿಗೆ ಗೊತ್ತಿರಲಿಲ್ಲ. ವಿಡಿಯೋ ನೋಡಿದ ದಿನವೇ ಅವಳು ಹಳೆಯ ನೋಟುಬುಕ್ಕಿನಲ್ಲಿ ಡ್ರ್ಯಾಗನ್ನಿಗೆ ಕೇಳುವ ಪ್ರಶ್ನೆಗಳನ್ನು ಬರೆಯಲು ಶುರು ಮಾಡಿದಳು. ನಿನಗೆ ಜ್ವರ ಬಂದರೆ ಯಾರಿಗೆ ಗೊತ್ತಾಗುತ್ತದೆ? ನಿನ್ನ ಅಮ್ಮ ಎಲ್ಲಿದ್ದಾಳೆ? ಬೆಂಕಿ ಉಗುಳುವ ಮೊದಲು ಗಂಟಲು ತುರಿಸುತ್ತದಾ? ಇಂಥವು.

ದಸರಾ ರಜೆಗೆ ಹೋಗೋಣ ಎಂದೆ. ಆಗ ಯಲ್ಲಾಪುರದಲ್ಲೊಂದು ಉಪನಯನ ಬಂತು. ಕ್ರಿಸ್‌ಮಸ್ ರಜೆಗೆ ಖಂಡಿತ ಎಂದೆ. ಆಗ ದೂರದ ದಾಯಾದಿಯೊಬ್ಬರು ತೀರಿಕೊಂಡು ಸೂತಕ ಬಂತು. ಅವರ ಮುಖವನ್ನು ನಾನಂತೂ ನೋಡಿದವಳಲ್ಲ. ಮೊದಲನೇ ಸಲ ಮಗಳು ಅತ್ತಳು. ಎರಡನೇ ಸಲ ಅಳಲಿಲ್ಲ, ನೋಟುಬುಕ್ಕನ್ನು ಶಾಲೆಯ ಪುಸ್ತಕಗಳ ಅಡಿಗೆ ಇಟ್ಟಳು. ಅಳದೇ ಇದ್ದದ್ದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಬೇಸಿಗೆ ರಜೆ ಹತ್ತಿರ ಬಂದಾಗ ನಾನಾಗಿಯೇ ಮಾತೆತ್ತಿದೆ.

"ಈ ಸಲ ಖರೇನಾ ಆಯಿ?" ಎಂದಳು.

ಅವಳ ತಲೆಯ ಮೇಲೆ ಕೈಯಿಟ್ಟು "ಖರೇ" ಎಂದೆ. ನಮ್ಮಲ್ಲಿ ಮಕ್ಕಳ ತಲೆ ಮುಟ್ಟಿ ಹೇಳಿದ್ದನ್ನು ತಪ್ಪಬಾರದು. ಪಾರ್ಕು, ಡ್ರ್ಯಾಗನ್ನು ಎಲ್ಲ ಒಂದು ನೆಪ. ಇನ್ನೊಂದು ವರ್ಷಕ್ಕೆ ಅವಳೇ ಅದನ್ನು ಫೈಬರ್ ಗೊಂಬೆ ಎನ್ನುತ್ತಾಳೆ, ಅದು ಗೊತ್ತಿದ್ದದ್ದೇ. ನನಗೆ ಉಳಿಸಿಕೊಳ್ಳಬೇಕಾಗಿದ್ದದ್ದು ಡ್ರ್ಯಾಗನ್ ಮೇಲಿನ ನಂಬಿಕೆಯನ್ನಲ್ಲ, ನನ್ನ ಮೇಲಿನದನ್ನು. ಮೂರನೇ ಸಲವೂ ತಪ್ಪಿದರೆ ಅದು ಮತ್ತೆ ಬರುವಂಥದ್ದಲ್ಲ.

ಹಾಗಾಗಿ ತಯಾರಿಗೆ ಕೂತೆ. ಹಳೆಯ ಪ್ರಶ್ನೆಪತ್ರಿಕೆಯ ಹಿಂದೆ ಎಲ್ಲ ಬರೆದೆ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಹತ್ತಕ್ಕೆ ಮುಟ್ಟಬಹುದು, ಹತ್ತೂವರೆಗೆ ಗೇಟು ತೆರೆಯುತ್ತದೆ. ಕೋಟೆಗೆ ಮಧ್ಯಾಹ್ನದ ಮೇಲೆ ಸಾಲು ಉದ್ದವಾಗುತ್ತದೆ, ಆದ್ದರಿಂದ ಮೊದಲು ಕೋಟೆ. ಕೋಟೆಯೊಳಗೆ ಕಡೆಯ ದೋಣಿ ನಾಲ್ಕು ಗಂಟೆಗೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಆದ್ದರಿಂದ ಚಪಾತಿಯನ್ನು ದಾರಿಯಲ್ಲೇ ಮುಗಿಸಬೇಕು. ಹಾರುವ ಕುದುರೆ ಎಂಬ ಅಲ್ಲಿನ ಸವಾರಿಗೆ ಎತ್ತರದ ಮಿತಿ ಇತ್ತು. ಮಗನನ್ನು ಬಾಗಿಲಿಗೆ ಒರಗಿಸಿ ಟೇಪು ಹಿಡಿದರೆ ಎರಡು ಬೆರಳು ಕಡಿಮೆ. ಅವತ್ತಿನಿಂದ ಅವನು ದಿನಾ ಸಂಜೆ ಕಿಟಕಿಯ ಸರಳಿಗೆ ಜೋತುಬಿದ್ದು ಉದ್ದವಾಗಲು ನೋಡಿದ. ಅಕ್ಕ ಕೆಳಗೆ ನಿಂತು ಕಾಲು ಎಳೆಯುತ್ತಿದ್ದಳು. ಆ ಎರಡು ವಾರ ನಮ್ಮ ಮನೆಯಲ್ಲಿ ಇದ್ದಷ್ಟು ಸಂತೋಷ ಪಾರ್ಕಿನಲ್ಲೂ ಸಿಗಲಿಕ್ಕಿಲ್ಲ ಎಂದು ಆಗ ನಗುತ್ತಿದ್ದೆ.

ನನ್ನ ಗಂಡನದು ಪಂಪುಸೆಟ್ಟಿನ ಮೋಟರು ವೈಂಡಿಂಗ್ ಮಾಡುವ ಅಂಗಡಿ. ಬೇಸಿಗೆಯಲ್ಲಿ ಅಂಗಡಿಗೆ ಬೀಗ ಹಾಕಿದರೆ ಜನ ಮನೆಗೇ ಮೋಟರು ಹೊತ್ತು ತರುತ್ತಾರೆ. ಆದರೂ ಒಂದು ದಿನ ಬಿಡುವು ಮಾಡಿಕೊಳ್ಳಲು ಒಪ್ಪಿದರು. ಒಂದು ಸಣ್ಣ ಕಾರು ಹೇಳಿದೆವು. ನಾವು ನಾಲ್ವರು, ಡ್ರೈವರು ಒಬ್ಬ. ಎಲ್ಲ ಸರಿಯಾಗಿತ್ತು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಈ ಬರಹದ ಕೆಲಸವೇ ಇರುತ್ತಿರಲಿಲ್ಲ.

ಅತ್ತೆ ಕಾನಸೂರಿನಲ್ಲಿ ದೊಡ್ಡ ಮಗನ ಮನೆಯಲ್ಲಿರುತ್ತಾರೆ. ಭಾವನದು ಅಲ್ಲೇ ಕಿರಾಣಿ ಅಂಗಡಿ. ಎಲ್ಲಿಗಾದರೂ ದೂರ ಹೊರಡುವ ಮೊದಲು ಅತ್ತೆಗೆ ಒಂದು ಮಾತು ಹೇಳಿಯೇ ಹೋಗುವುದು ರೂಢಿ. ಬರುವ ಶನಿವಾರ ಹೊರಡುತ್ತೇವೆ ಎನ್ನಲು ಫೋನು ಮಾಡಿದೆ.

"ಬಪ್ಪ ಶನಿವಾರ ಮಕ್ಕಳನ್ನ ಕರ್ಕಂಡು ಪಾರ್ಕಿಗೆ ಹೋಗವು ಹೇಳಿ ಇದ್ದು ಅತ್ತೆ."

"ಚೊಲೋ ಆತು. ಮಕ್ಕಗೂ ರಜೆ ಇದ್ದಲೆ, ಹೋಗ್ಬನ್ನಿ."

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನಮ್ಮ ಕಡೆಯ ಮರ್ಯಾದೆ ಹೇಗಿದೆಯೆಂದರೆ, ಮನೆಗೆ ಬಂದವರಿಗೆ ಮೊದಲು "ಆಸರಿಗೆ ಎಂತ?" ಎಂದು ಕುಡಿಯಲು ಏನು ಬೇಕೆಂದು ಕೇಳಬೇಕು. ಬಂದವರು ಗಂಟಲು ಒಣಗಿ ಸಾಯುತ್ತಿದ್ದರೂ "ಎಂತೂ ಬ್ಯಾಡ" ಎನ್ನಬೇಕು. ಮತ್ತೆ ಕೇಳಬೇಕು, ಮತ್ತೆ ಬೇಡ ಎನ್ನಬೇಕು. ಮೂರನೇ ಸಲಕ್ಕೆ ಲೋಟ ಕೈಗೆ ಬರುತ್ತದೆ. ಹಾಗೆಯೇ ಹೊರಟವರು ಉಳಿದವರಿಗೆ "ನೀವೂ ಬನ್ನಿ" ಎನ್ನಬೇಕು, ಉಳಿದವರು "ಇಲ್ಲೆ ಇಲ್ಲೆ, ನಿಂಗನೇ ಹೋಗ್ಬನ್ನಿ" ಎನ್ನಬೇಕು. ಹುಟ್ಟಿದಾಗಿನಿಂದ ಕೇಳಿದ ಪಾಠ, ನಾಲಗೆ ತಾನಾಗಿಯೇ ಒಪ್ಪಿಸುತ್ತದೆ.

"ನಿಂಗನೂ ಬನ್ನಿ ಅತ್ತೆ" ಎಂದೆ.

 ಅತ್ತೆ ಹೇಳಿದರು, "ಹೌದನೆ? ಹಂಗಾರೆ ಬತ್ತೆ. ಇಷ್ಟು ಪ್ರೀತಿಯಿಂದ ಕರೀತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಫೋನು ಇಟ್ಟು ಗೋಡೆ ನೋಡುತ್ತ ಕೂತೆ. ಗಂಡನಿಗೆ ಹೇಳಿದರೆ ಅವರು ಸ್ಕ್ರೂಡ್ರೈವರಿನಿಂದ ಕಿವಿ ತುರಿಸಿಕೊಳ್ಳುತ್ತ "ಬರಲಿ ಬಿಡು, ಒಬ್ಬರೇ ಅಲ್ದಾ" ಎಂದರು. ಒಬ್ಬರೇ! ಮದುವೆಯಾಗಿ ಹತ್ತು ವರ್ಷವಾದ ಮೇಲೂ ತನ್ನ ಮನೆಯವರನ್ನು ಅರಿಯದ ಗಂಡಸನ್ನು ನಾನು ಇವರೊಬ್ಬರನ್ನೇ ಕಂಡಿದ್ದು.

ಅತ್ತೆ ಹೊರಟ ಮೇಲೆ ಭಾವ, ಅಕ್ಕ ಹೊರಟರು. ಅಕ್ಕ ಎಂದರೆ ಭಾವನ ಹೆಂಡತಿ. ಕಾರು ಸಾಲದು, ಟೆಂಪೋ ಆಯಿತು. ಟೆಂಪೋ ಆದ ಮೇಲೆ ಸೀಟು ಖಾಲಿ ಹೋಗಬಾರದು. ಬಾಡಿಗೆ ಗಾಡಿಯಲ್ಲಿ ಸೀಟು ಖಾಲಿ ಬಿಡುವುದನ್ನು ನಮ್ಮವರು ಅನ್ನ ಚೆಲ್ಲುವುದಕ್ಕೆ ಸಮ ಎಂದು ತಿಳಿದಿದ್ದಾರೆ. ಯಲ್ಲಾಪುರದಲ್ಲಿರುವ ನಾದಿನಿಗೆ ಅತ್ತೆಯೇ ಫೋನು ಮಾಡಿ "ನೀನೂ ಬಾ" ಎಂದರು. ಅವಳು ಬಂದಳು. ಹೇಗೂ ಆ ದಾರಿಯಲ್ಲೇ ಹೋಗುವುದಾದರೆ ಅತ್ತೆಯ ಹಳೆಯ ಹರಕೆಯೊಂದು ಬಾಕಿಯಿತ್ತು, ಗುಡಿ ಮುಖ್ಯರಸ್ತೆಯಿಂದ "ಸ್ವಲ್ಪ ಒಳಗೆ". ಹೇಗೂ ಹುಬ್ಬಳ್ಳಿ ದಾಟುವುದಾದರೆ ಭಾವನ ಷಡ್ಡಕನ ಮನೆಯಲ್ಲಿ ಕೂಸು ಹುಟ್ಟಿ ನಾಲ್ಕು ತಿಂಗಳಾಗಿತ್ತು, ನೋಡದಿದ್ದರೆ ಏನೆಂದುಕೊಳ್ಳುತ್ತಾರೆ? ಅತ್ತೆ ಹೋಟೆಲಿನಲ್ಲಿ ಉಣ್ಣುವವರಲ್ಲ, ಆದ್ದರಿಂದ ಮಧ್ಯಾಹ್ನದ ಊಟವೂ ಅಲ್ಲೇ. ಪ್ರಶ್ನೆಪತ್ರಿಕೆಯ ಹಿಂದೆ ನಾನು ಬರೆದ ಹೊತ್ತುಗಳೆಲ್ಲ ಒಂದೊಂದಾಗಿ ಅಳಿಸಿಹೋದವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಒಂದು ಸಲ ಬಾಯಿಬಿಟ್ಟು ಹೇಳಿದೆ. ಅಕ್ಕನಿಗೆ ಫೋನು ಮಾಡಿ, "ನಾಲ್ಕು ಗಂಟೆ ಒಳಗೆ ಮುಟ್ಟದಿದ್ರೆ ಕೋಟೆ ಸಿಕ್ತಿಲ್ಲೆ, ಗುಡಿಗೆ ಬರ್ತಾ ಹೋಪನ" ಎಂದೆ. ಅಕ್ಕ ಹೌಹಾರಿದಳು. "ದೇವರ ಕೆಲಸ ಮುಗಿಸ್ಕಂಡೇ ಮುಂದೆ ಹೋಗವಲೆ. ಹೋಪತಿಗೆ ಗುಡಿ ದಾಟಿ ಹೋದ್ರೆ ಚೊಲೋ ಅಲ್ಲ" ಎಂದಳು.  ಎಂಟು ವರ್ಷದ ಹುಡುಗಿಯ ಡ್ರ್ಯಾಗನ್ನನ್ನು ದೇವರ ಎದುರಿಗೆ ನಿಲ್ಲಿಸಿ ವಾದ ಮಾಡುವ ಧೈರ್ಯ ನನಗಿರಲಿಲ್ಲ. ಈಗ ಅನ್ನಿಸುತ್ತದೆ, ಮಾಡಬೇಕಿತ್ತು. ದೇವರು ಸಂಜೆಯವರೆಗೂ ಅಲ್ಲೇ ಇರುತ್ತಿದ್ದ.

ಶನಿವಾರ ಬಂತು. ಟೆಂಪೋದ ಡ್ರೈವರು ಕಿರವತ್ತಿಯವನು, ಶಿರಸಿಯಲ್ಲಿ ಗಾಡಿ ಓಡಿಸುತ್ತಿದ್ದ. ಐದೂವರೆಗೇ ಬಂದು ನಿಂತ. ಮಗಳು ನಾಲ್ಕೂವರೆಗೇ ಎದ್ದು ಸ್ನಾನ ಮಾಡಿ, ನೋಟುಬುಕ್ಕನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಗಾಡಿ ಹುಬ್ಬಳ್ಳಿಯ ದಿಕ್ಕಿಗಲ್ಲ, ಸಿದ್ದಾಪುರದ ದಿಕ್ಕಿಗೆ ತಿರುಗಿದಾಗ ಅವಳು ನನ್ನ ಮುಖ ನೋಡಿದಳು. ಅಜ್ಜಿಯನ್ನು ಕರೆದುಕೊಂಡು ಬೇಗ ತಿರುಗಿ ಬರುತ್ತೇವೆ ಎಂದೆ.

ಕಾನಸೂರಿನಲ್ಲಿ ಭಾವ ಇನ್ನೂ ಅಂಗಡಿಯಲ್ಲಿದ್ದರು. ಬೆಳಗಿನ ಹಾಲಿನ ಗಿರಾಕಿಗಳನ್ನು ಮುಗಿಸದೆ ಬರುವಂತಿಲ್ಲ. ಅಕ್ಕ ದೋಸೆ ಹೊಯ್ಯುತ್ತಿದ್ದಳು. ತಿನ್ನದೆ ಹೊರಡುವ ಮಾತೇ ಇಲ್ಲ. ಏಳೂವರೆ. ಯಲ್ಲಾಪುರದಲ್ಲಿ ನಾದಿನಿ ಗೇಟಿನ ಬಳಿಯೇ ಇರುತ್ತೇನೆ ಎಂದವಳು ಗೇಟಿನ ಬಳಿಯೇ ಇದ್ದಳು. ಆದರೆ ಅವಳ ಅತ್ತೆಮಾವನೂ ಅಲ್ಲೇ ನಿಂತಿದ್ದರು, "ಒಳಗೆ ಬರದೆ ಹೋಗ್ತ್ರಾ?" ಎಂದು. ಆಸರಿಗೆ ಎಂತ, ಎಂತೂ ಬ್ಯಾಡ, ಮೂರು ಸುತ್ತು. ಹತ್ತು ಗಂಟೆ. ನಾವು ಪಾರ್ಕಿನ ಗೇಟಿನೆದುರು ನಿಂತಿರಬೇಕಾದ ಹೊತ್ತಿಗೆ ಯಲ್ಲಾಪುರದ ಜಗಲಿಯಲ್ಲಿ ಕೋಕಂ ಶರಬತ್ತು ಕುಡಿಯುತ್ತಿದ್ದೆವು. ಮಗಳು ಲೋಟ ಮುಟ್ಟಲಿಲ್ಲ.

ಕಿರವತ್ತಿ ದಾಟುವಾಗ ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಕ್ಕಾರ, ಗುಡಿ ದಾರಿ ಭಾಳ ಕೆಟ್ಟೈತ್ರಿ, ಹೋಗಿ ಬರಾಕ ಎರಡು ತಾಸು ಹಿಡಿತೈತಿ. ಹುಡುಗೂರು ಆಸೆಪಟ್ಟಾವ, ಸೀದಾ ಪಾರ್ಕಿಗೆ ಬಿಡ್ಲೇನ್ರಿ?" ಎಂದ. ಅಷ್ಟು ಜನರಲ್ಲಿ ಮಕ್ಕಳ ಹೆಸರೆತ್ತಿದವನು ಅವನೊಬ್ಬನೇ. ನಾನು ಗಂಡನ ಕಡೆ ನೋಡಿದೆ. ಅವರು ಫೋನಿನಲ್ಲಿ ಯಾರಿಗೋ ಸುಟ್ಟ ಮೋಟರಿನ ಬಗ್ಗೆ ಹೇಳುತ್ತಿದ್ದರು. ಭಾವ "ಗುಡಿಗೇ ಬಿಡು" ಎಂದರು.

ಗುಡಿಯಲ್ಲಿ ಭಟ್ಟರು ಮನೆಗೆ ಹೋಗಿದ್ದರು, ಕರೆಸಬೇಕಾಯಿತು. ಹುಬ್ಬಳ್ಳಿಯ ಮನೆಯಲ್ಲಿ ಊಟಕ್ಕೆ ಕೂತಾಗ ಎರಡು ದಾಟಿತ್ತು. ಪಾಯಸ ಮಾಡಿದ್ದರು. ಎರಡನೇ ಸಲ ಬಡಿಸಲು ಬಂದಾಗ ಮಗ "ಬೇಡ, ಡ್ರ್ಯಾಗನ್ ಕಾಯ್ತಾ ಇದ್ದು" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಭಾವ ಅದನ್ನು ಇನ್ನೊಮ್ಮೆ ಹೇಳಿಸಿ ಇನ್ನೊಮ್ಮೆ ನಕ್ಕರು. ನನಗೆ ಆ ಬಾಳೆಲೆಯನ್ನು ಎತ್ತಿ ಬಿಸಾಡುವಷ್ಟು ಸಿಟ್ಟು ಬಂದಿತ್ತು. ಬಿಸಾಡಲಿಲ್ಲ, ಮಜ್ಜಿಗೆ ಕೇಳಿದೆ.

ಅಲ್ಲಿಂದ ಹೊರಟ ಮೇಲೆ ಅತ್ತೆ ನನ್ನ ಪಕ್ಕ ಬಂದು ಕೂತರು. ಮುಖ ಬಾಡಿತ್ತು, ಕೈಯಲ್ಲಿ ಲಿಂಬೆಹಣ್ಣು ಹಿಡಿದು ಮೂಸುತ್ತಿದ್ದರು.

"ಯಂಗೆ ಎಂತಕ್ಕೆ ಬೇಕಾಗಿತ್ತೆ ಈ ತಿರುಗಾಟ?" ಎಂದರು. "ಗಾಡಿ ಹತ್ತಿದ್ರೆ ತಲೆ ತಿರುಗ್ತು. ನೀ ಬಾಯಿಬಿಟ್ಟು ಕರದ್ಮೇಲೆ ಬತ್ನಿಲ್ಲೆ ಹೇಳಿದ್ರೆ ನಿಂಗೆ ಬೇಜಾರಾಗ್ತು ಹೇಳಿ ಹೊರಟೆ."

ಹಿಂದಿನ ಸೀಟಿನಿಂದ ಅಕ್ಕ ಬಗ್ಗಿ, "ಅತ್ತೆ ಒಬ್ಬರನ್ನೇ ಕಳಿಸಿದ್ರೆ ನೀನು ಎಂತ ತಿಳ್ಕತ್ತೆ ಹೇಳಿ ನಂಗನೂ ಬಂದ್ಯ. ಇಲ್ಲದಿದ್ರೆ ಅಂಗಡಿ ಬಿಟ್ಟು ಯಾರು ಬತ್ತ?" ಎಂದಳು. ನಾದಿನಿಯನ್ನು ಕೇಳುವುದೇ ಬೇಡವಾಯಿತು. ತನ್ನ ಆಯಿ ಕರೆದದ್ದಕ್ಕೆ ಇಲ್ಲ ಎನ್ನಲಾಗಲಿಲ್ಲ ಎಂದು ಅವಳೇ ಹೇಳಿದಳು.

ಇಡೀ ಗಾಡಿಯಲ್ಲಿ ಪಾರ್ಕು ನೋಡಬೇಕೆಂದು ಬಂದವರು ಇಬ್ಬರೇ, ಅವರಿಬ್ಬರನ್ನು ಯಾರೂ ಏನೂ ಕೇಳಿರಲಿಲ್ಲ. ಉಳಿದವರೆಲ್ಲ ಒಬ್ಬರ ಮನಸ್ಸು ಇನ್ನೊಬ್ಬರು ಕಾಯ್ದುಕೊಂಡು ಬಂದವರು. ಬೈಯಲಿಕ್ಕೆ ಒಬ್ಬರು ಕೆಟ್ಟವರಾದರೂ ಸಿಕ್ಕಿದ್ದರೆ ಮನಸ್ಸಿಗೆ ಹಗುರಾಗುತ್ತಿತ್ತು. ಹುಡುಕಿದರೆ ಸಿಕ್ಕಿದವಳು ನಾನೇ. ಹೋಗುವ ಮಾರಿಯನ್ನು ಮನೆಗೆ ಕರೆದವಳು ನಾನು, ಅದೂ ಮರ್ಯಾದೆಯಿಂದ.

ಪಾರ್ಕಿನ ಗೇಟು ಮುಟ್ಟಿದಾಗ ನಾಲ್ಕೂ ಇಪ್ಪತ್ತು. ಕೌಂಟರಿನಲ್ಲಿದ್ದ ಹುಡುಗಿ ಒಳ್ಳೆಯವಳು. ಕೋಟೆ ಮುಚ್ಚಿದೆ ಮೇಡಂ, ಹೂದೋಟ ಮತ್ತು ಸಣ್ಣ ಉಯ್ಯಾಲೆಗಳು ಆರರವರೆಗೆ ಇರುತ್ತವೆ ಎಂದಳು. ಮಗ ಊಟದ ಮೇಲೆ ನಿದ್ದೆ ಹೋಗಿ ಟೆಂಪೋದಲ್ಲಿ ಅಪ್ಪನ ತೊಡೆಯ ಮೇಲೆ ಮಲಗಿದ್ದ. ಎಬ್ಬಿಸಬೇಡಿ ಎಂದು ಹೇಳಿ, ಮಗಳ ಕೈ ಹಿಡಿದುಕೊಂಡು ಓಡಿದೆ. ಕೋಟೆಯ ತನಕ ಓಡಿದೆವು. ಯಾಕೆ ಓಡಿದೆವೋ, ಮುಚ್ಚಿದೆ ಎಂದು ಕೇಳಿಸಿಕೊಂಡೇ ಓಡಿದೆವು.

ಕೋಟೆಯ ಮುಂದಿನ ಬಾಗಿಲಿಗೆ ಸರಪಳಿ ಹಾಕಿತ್ತು. ಬದಿಯ ಕಬ್ಬಿಣದ ಬೇಲಿಯಿಂದ ಒಳಗಿನ ಒಂದು ಪಾಲು ಕಾಣುತ್ತಿತ್ತು. ನೀರು ಇಳಿದ ಕಾಲುವೆಯಲ್ಲಿ ದೋಣಿಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಇಬ್ಬರು ಕೆಲಸದವರು ಏಣಿ ಹಾಕಿ ಡ್ರ್ಯಾಗನ್ನಿನ ತಲೆಗೆ ನೀಲಿ ತಾಡಪತ್ರಿ ಹೊದಿಸುತ್ತಿದ್ದರು. ಕೆಳಗಿನಿಂದ ಒಬ್ಬ ಹಗ್ಗ ಬಿಗಿಯುತ್ತಿದ್ದ. ಮೇಲಿದ್ದವನು ತಾಡಪತ್ರಿ ಸರಿಯಾಗಿ ಕೂರಲೆಂದು ಅದರ ಮೂಗಿನ ಮೇಲೆ ಕಾಲಿಟ್ಟಿದ್ದ.

ಮಗಳು ಬೇಲಿ ಹಿಡಿದು ನೋಡಿದಳು. ನಾನು ಕಾವಲುಗಾರನ ಹತ್ತಿರ ಹೋದೆ. ಒಂದೇ ನಿಮಿಷ, ಅವಳಿಗೆ ಒಂದೇ ಒಂದು ಪ್ರಶ್ನೆ ಕೇಳುವುದಿದೆ ಎಂದು ಬೇಡಿಕೊಂಡೆ. ಮನೆಯಲ್ಲಿ ಆಡಲಾರದ ಬಾಯಿ ಅಲ್ಲಿ ಅಪರಿಚಿತನೊಬ್ಬನ ಮುಂದೆ ಅಂಗಲಾಚಿತು. ಮಾತಾಡುವವರು ಮನೆಗೆ ಹೋದರು ಅಕ್ಕ, ಎಂದ ಅವನು. ಮಗಳಿಗೆ ಅದು ಕೇಳಿಸಿತು. ಅವಳು "ಹೋಪನ ಆಯಿ, ಅಜ್ಜಿಗೆ ಹುಷಾರಿಲ್ಲೆ" ಎಂದಳು. ಎಂಟು ವರ್ಷಕ್ಕೇ ಇನ್ನೊಬ್ಬರ ಮನಸ್ಸು ಕಾಯಲು ಕಲಿತಿದ್ದಳು. 

ವಾಪಸು ಹೊರಟಾಗ ಇನ್ನೂ ಬಿಸಿಲಿತ್ತು. ಹುಬ್ಬಳ್ಳಿ ಹತ್ತಿರ ಬಂದಾಗ ಮಗ ಎದ್ದ. ಎದ್ದವನೇ "ಬಂತಾ?" ಎಂದ.  ಅಕ್ಕ ಕಿಟಕಿಯಾಚೆ ನೋಡಿದಳು. ಆಗ ಮಗಳು ಅವನ ಪಕ್ಕಕ್ಕೆ ಸರಿದು ಕೂತು, "ಹೋಗಿ ಬಂದ್ಯ. ನೀನೂ ಬಂದಿದ್ದೆ, ಮಲಗಿದ್ದೆ ಅಷ್ಟೇ" ಎಂದಳು. ದೋಣಿ ಹೇಗೆ ಅಲ್ಲಾಡಿತು, ಗುಹೆಯಲ್ಲಿ ಹೇಗೆ ತಣ್ಣಗಿತ್ತು, ಡ್ರ್ಯಾಗನ್ ಹೇಗೆ ಒಂದು ಕಣ್ಣು ಮಾತ್ರ ತೆರೆದು ತಮ್ಮನನ್ನು ನೋಡಿ, ಮಲಗಲಿ ಪಾಪ ಎಂದು ಹೊಗೆಯನ್ನು ಮೆಲ್ಲಗೆ ಬಿಟ್ಟಿತು, ಎಲ್ಲ ಹೇಳಿದಳು. ತನ್ನ ಪ್ರಶ್ನೆಗಳಿಗೆಲ್ಲ ಅದು ಕೊಟ್ಟ ಉತ್ತರವನ್ನೂ ಹೇಳಿದಳು. ಅದರ ಅಮ್ಮ ಸಮುದ್ರದಾಚೆ ಇದ್ದಾಳಂತೆ, ಬರುತ್ತೇನೆ ಎಂದು ಹೇಳಿ ಹೋಗಿದ್ದಾಳಂತೆ. ಮಗ ಬಾಯಿ ತೆರೆದು ಕೇಳಿದ. ಡ್ರೈವರು ಹಾಡು ಬಂದ್ ಮಾಡಿದ್ದ. ಅತ್ತೆ ಲಿಂಬೆಹಣ್ಣು ಮೂಸುತ್ತ, "ಕೂಸಿಗೆ ರಾಶಿ ಖುಷಿ ಆಜು, ಬಂದಿದ್ದು ಸಾರ್ಥಕ" ಎಂದರು. ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಹಾಗೆ ಹೇಳಿದರೆ ನನಗೆ ಸಮಾಧಾನವಾಗುತ್ತದೆ ಎಂದು ಹೇಳಿದರು.

ತಮ್ಮ ಮತ್ತೆ ಮಲಗಿದ ಮೇಲೆ ನಾನು ಮಗಳ ಹತ್ತಿರ ಹೋಗಿ ಕೂತೆ. ಅವಳ ತಲೆಯ ಮೇಲೆ ಕೈಯಿಡಬೇಕೆನ್ನಿಸಿತು, ಇಡಲಿಲ್ಲ. ಮೆಲ್ಲಗೆ, "ಬಪ್ಪ ರಜೆಗೆ ನಾವೇ ಹೋಪನ. ಯಾರಿಗೂ ಹೇಳದು ಬ್ಯಾಡ. ಬೆಳಿಗ್ಗೆ ಬೆಳಿಗ್ಗೆ ಬಸ್ಸು ಹತ್ತಿಬಿಡನ. ಮೊದಲು ಕೋಟೆಗೇ ಹೋಪನ" ಎಂದೆ.

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ದೊಡ್ಡವರು ಚಿಕ್ಕವರ ಮಾತು ಕೇಳುವಾಗ ಇರುತ್ತದಲ್ಲ, ಅಂಥದೊಂದು ತಾಳ್ಮೆ ಮುಖದಲ್ಲಿತ್ತು.

"ಅದನ್ನ ತಮ್ಮಂಗೆ ಹೇಳು ಆಯಿ," ಎಂದಳು. "ಅವ ಇನ್ನೂ ನಂಬ್ತ."